ಹೊತ್ತಿಗೆ ಒದಗುವ ವಿದ್ಯಾನಿಧಿ

ನಮ್ಮ ಶಿವಮೊಗ್ಗ ಭದ್ರಾವತಿಗಳಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. ೧೯೪೦ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಹುಟ್ಟಿದ ಸಹ್ಯಾದ್ರಿ ಕಾಲೇಜು, ಸ್ವಾತಂತ್ರ್ಯ ಚಳವಳಿಯ ಕಾವಿನಲ್ಲಿ ೧೯೪೩ರಲ್ಲಿ ಮೊದಲಾದ ದೇಶೀಯ ವಿದ್ಯಾಶಾಲಾ ಸಮಿತಿ, ೧೯೪೬ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶಿಕ್ಷಣ ಸಮಿತಿ, ಭದ್ರಾವತಿಯ ಸರ್ ಎಂ. ವಿ. ಸರ್ಕಾರಿ ಕಾಲೇಜುಗಳು, ಇವೆಲ್ಲಕ್ಕೂ ಕಲಶವಿಟ್ಟಂತೆ ೧೯೮೭ರಲ್ಲಿ ಜನ್ಮತಾಳಿ ಶಂಕರಘಟ್ಟದಲ್ಲಿ ನೆಲೆಗೊಂಡ ಕುವೆಂಪು ವಿಶ್ವವಿದ್ಯಾಲಯ: ವಿದ್ಯೆಯ ಬಾಗಿಲು ನಮ್ಮ ಮನೆಯ ಮುಂದೆಯೇ ತೆರೆದಿದೆ. ಆದರೆ ಆ ಬಾಗಿಲನ್ನು ಹೊಕ್ಕ ಬಡವರ ಮಕ್ಕಳೆಲ್ಲರೂ ಪದವಿಯನ್ನು ಪಡೆದೇ ಹೊರಗೆ ಬರುತ್ತಿರುವರೇ ಎಂದು ಕೇಳಿದರೆ, ಅಧ್ಯಾಪಕರಾದ ನಮ್ಮ ವಾಚಕರು ಮೌನದಿಂದಿರಬೇಕಾಗುವುದು. ಎರಡನೆಯ ವರ್ಷದ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆಯನ್ನೆಳೆಸಿಕೊಂಡ ಹೆಸರುಗಳ ಕಥೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಸರ್ಕಾರಿ ಕಾಲೇಜಿನ ಶುಲ್ಕವೇನೂ ಹೆಚ್ಚಿನದಲ್ಲ. ವಿದ್ಯಾರ್ಥಿಯನ್ನು ಮನೆಗೆ ತಿರುಗಿಸುವವು ಸಣ್ಣ ವೆಚ್ಚಗಳು: ಪರೀಕ್ಷೆಯ ಶುಲ್ಕ, ಬಸ್ಸಿನ ಪಾಸು, ಪುಸ್ತಕ, ಮಧ್ಯಾಹ್ನದ ಊಟ. ಇವೆಲ್ಲಕ್ಕಿಂತ ಮಿಗಿಲಾದದ್ದು, ಬೆಳೆದ ಮಗನು ದುಡಿಯದೆ ಓದುತ್ತಿರುವುದರಿಂದ ಮನೆಗೆ ತಪ್ಪುವ ಕೂಲಿ. ೨೦೨೩ರ ಜೂನ್ ೧೧ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆತದ್ದು ದೊಡ್ಡ ಉಪಕಾರವೇ ಸರಿ. ಆದರೆ ಮಲೆನಾಡಿನ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಆದಕಾರಣ ನಮ್ಮ ವಿದ್ಯಾರ್ಥಿಗಳು ಅಡಿಕೆಯ ಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿದು, ಮದುವೆಯ ಮನೆಗಳಲ್ಲಿ ಬಡಿಸಿ, ಬಟ್ಟೆಯಂಗಡಿಗಳಲ್ಲಿ ನಿಂತು, ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಾರೆ. ದುಡಿಮೆ ಅವಮಾನವಲ್ಲ, ಆದರೆ ಓದನ್ನೇ ನುಂಗುವ ದುಡಿಮೆಯನ್ನು ಸ್ವಾವಲಂಬನವೆಂದು ಹೊಗಳುವುದು ನಿರ್ದಯತೆ.

ಭದ್ರಾವತಿಯ ಸ್ಥಿತಿಯಂತೂ ಮತ್ತಷ್ಟು ಕಠಿನವಾದುದು. ೧೯೨೩ರಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆಯೂ, ೧೯೩೬ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಆ ಊರಿಗೆ ಅನ್ನವನ್ನಷ್ಟೇ ಅಲ್ಲದೆ, ಮಕ್ಕಳನ್ನು ಓದಿಸಬೇಕೆಂಬ ಹಂಬಲವನ್ನೂ ಕೊಟ್ಟವು. ಕಾಗದದ ಕಾರ್ಖಾನೆಯಲ್ಲಿ ೨೦೧೫ರಲ್ಲಿ ಉತ್ಪಾದನೆ ನಿಂತಿತು. ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ೧೯೯೮ರಲ್ಲಿ ವಿಲೀನವಾದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು ೨೦೨೩ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ಅದೇ ವರ್ಷ ಕೆಲವು ಕೆಲಸಗಳು ಮತ್ತೆ ಆರಂಭಗೊಂಡರೂ ಹಳೆಯ ನಿಶ್ಚಿಂತೆಯು ಮರಳಲಿಲ್ಲ. ತಂದೆಯ ಕೆಲಸ ಹೋದ ವರ್ಷವೇ ಮಗಳು ಪದವಿಗೆ ಸೇರಿದರೆ, ಆಕೆಯ ಕೈಯಲ್ಲಿರುವ ಆದಾಯ ಪತ್ರವು ಕಳೆದ ಕಾಲದ ಸಂಬಳವನ್ನು ಹೇಳುತ್ತದೆ; ಇಂದಿನ ಒಲೆಯ ಸ್ಥಿತಿಯನ್ನು ಹೇಳುವುದಿಲ್ಲ.

ಸರ್ಕಾರವು ಏನನ್ನೂ ಮಾಡಿಲ್ಲವೆಂದು ನಾವು ಹೇಳತಕ್ಕವರಲ್ಲ. ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ ವಸತಿಗಾಗಿ ‘ವಿದ್ಯಾಸಿರಿ’ಯು ತಿಂಗಳಿಗೆ ೧,೫೦೦ ರೂಪಾಯಿಗಳಂತೆ ಹತ್ತು ತಿಂಗಳ ನೆರವನ್ನು ಗೊತ್ತುಮಾಡಿತು. ೨೦೨೧ರಲ್ಲಿ ಆರಂಭವಾದ ‘ರೈತ ವಿದ್ಯಾನಿಧಿ’ಯು ಪದವಿ ಓದುವ ರೈತನ ಮಗನಿಗೆ ವರ್ಷಕ್ಕೆ ೫,೦೦೦, ಮಗಳಿಗೆ ೫,೫೦೦ ರೂಪಾಯಿಗಳನ್ನು ನಿಗದಿಮಾಡಿತು. ಸರ್ಕಾರಿ ಶಾಲೆಗಳಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಂಜಿ ಪ್ರತಿಷ್ಠಾನವು ವರ್ಷಕ್ಕೆ ೩೦,೦೦೦ ರೂಪಾಯಿಗಳನ್ನು ಕೊಡಲು ಮುಂದೆ ಬಂದಿರುವುದು ಶ್ಲಾಘ್ಯ. ಹೆಚ್ಚು ಅಂಕ ಪಡೆದವರಿಗೆ ಕೇಂದ್ರದ ವಿದ್ಯಾರ್ಥಿವೇತನವೂ ಉಂಟು. ಆದರೆ ಇವೆಲ್ಲಕ್ಕೂ ಒಂದೊಂದು ಬೇಲಿಯಿದೆ: ಒಂದಕ್ಕೆ ವರ್ಗ, ಒಂದಕ್ಕೆ ಕಸಬು, ಒಂದಕ್ಕೆ ಅಂಕ. ಬೇಲಿಗಳ ನಡುವೆ ನಿಂತ ಬಡವನನ್ನು ಕರೆಯುವವರಿಲ್ಲ. ಬೇಲಿಯ ಒಳಗಿದ್ದವನಿಗೂ ಆಧಾರದ ಹೆಸರಿಗೂ ಬ್ಯಾಂಕಿನ ಹೆಸರಿಗೂ ಒಂದಕ್ಷರ ಹೊಂದದಿದ್ದರೆ ಹಣವು ದಾರಿಯಲ್ಲೇ ನಿಲ್ಲುವುದು. ಎಲ್ಲವೂ ಸರಿಯಿದ್ದರೂ ವರ್ಷ ಕಳೆಯುವ ವೇಳೆಗೆ ಬರುವುದೂ ಉಂಟು. ಪರೀಕ್ಷಾ ಶುಲ್ಕದ ಕೊನೆಯ ದಿನವು ಮಾತ್ರ ಯಾರಿಗೂ ಕಾಯುವುದಿಲ್ಲ.

ಇನ್ನೊಂದು ಮಾತು. ೨೦೨೪ರ ಜನವರಿ ೧೨ರಂದು ನಮ್ಮ ಶಿವಮೊಗ್ಗದಲ್ಲಿಯೇ ‘ಯುವನಿಧಿ’ಗೆ ಚಾಲನೆ ದೊರೆಯಿತು. ಪದವಿ ಪಡೆದು ಕೆಲಸವಿಲ್ಲದಿರುವವರಿಗೆ ತಿಂಗಳಿಗೆ ೩,೦೦೦ ರೂಪಾಯಿಗಳಂತೆ ಎರಡು ವರ್ಷದವರೆಗೆ, ಎಂದರೆ ಹೆಚ್ಚೆಂದರೆ ೭೨,೦೦೦ ರೂಪಾಯಿಗಳ ನೆರವು ಅದು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಎರಡು ಸಾವಿರ ರೂಪಾಯಿ ಹೊತ್ತಿಗೆ ದೊರೆಯದೆ ನಡುವೆಯೇ ಓದನ್ನು ಬಿಟ್ಟವನಿಗೆ ಆ ನೆರವೂ ಇಲ್ಲ, ಪದವಿಯೂ ಇಲ್ಲ. ದಡ ಸೇರಿದವನಿಗೆ ಕಂಬಳಿ ಹೊದಿಸುವ ನಾಡು, ನಡುಹೊಳೆಯಲ್ಲಿರುವವನಿಗೆ ಒಂದು ಹಗ್ಗವನ್ನೂ ಎಸೆಯಬೇಡವೇ?

ಈ ಹಗ್ಗವನ್ನು ಎಸೆಯುವುದು ಊರಿನವರ ಕೆಲಸ, ಮತ್ತು ನಮ್ಮ ನಾಡಿಗೆ ಇದು ಹೊಸದಲ್ಲ. ಹಿಂದೆ ಬಡ ವಿದ್ಯಾರ್ಥಿಯು ವಾರಾನ್ನದಿಂದ ಓದುತ್ತಿದ್ದನು. ಏಳು ದಿನಕ್ಕೆ ಏಳು ಮನೆ ದೊರೆತರೆ ಪುಣ್ಯ, ಆರೇ ದೊರೆತರೆ ಒಂದು ದಿನ ಉಪವಾಸ. ಆ ದೈನ್ಯವನ್ನು ತಪ್ಪಿಸಲೆಂದೇ ಮೈಸೂರಿನಲ್ಲಿ ತಾತಯ್ಯ ವೆಂಕಟಕೃಷ್ಣಯ್ಯನವರು ಅನಾಥಾಲಯವನ್ನು ನಡೆಸಿದರು. ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದವು. ಉತ್ತರ ಕರ್ನಾಟಕದ ಸಿರಸಂಗಿ ಲಿಂಗರಾಜ ದೇಸಾಯರು ೧೯೦೬ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಹೋದರು.

ಇಂತಹ ನೆರವಿನ ಫಲವನ್ನು ಅರಿಯಬೇಕಾದರೆ ಭದ್ರಾವತಿಯವರು ತಮ್ಮ ಊರನ್ನೇ ನೋಡಿಕೊಳ್ಳಲಿ. ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ೧೮೮೧ರಲ್ಲಿ ಬಿ. ಎ. ಪದವಿಯನ್ನು ಪಡೆದರು. ಅನಂತರ ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಹೋಗಿ ಎಂಜಿನಿಯರಾದರು. ಅವರು ಮೊದಲು ಸೇವೆಗೆ ಸೇರಿದ್ದು ಮುಂಬಯಿ ಸರ್ಕಾರದಲ್ಲಿ. ಕೊಟ್ಟ ಹಣ ವ್ಯರ್ಥವಾಯಿತೆಂದು ಅಂದು ಯಾರಾದರೂ ಲೆಕ್ಕ ಹಾಕಿದ್ದರೆ ಆ ಲೆಕ್ಕವೇ ತಪ್ಪಾಗುತ್ತಿತ್ತು. ೧೯೦೯ರಲ್ಲಿ ಅವರು ಮೈಸೂರಿಗೆ ಮರಳಿದರು, ೧೯೧೨ರಲ್ಲಿ ದಿವಾನರಾದರು, ೧೯೧೬ರಲ್ಲಿ ನಾಡಿಗೆ ವಿಶ್ವವಿದ್ಯಾಲಯ ಬಂದಿತು, ಬಳಿಕ ಭದ್ರೆಯ ದಡದಲ್ಲಿ ಕಬ್ಬಿಣದ ಕುಲುಮೆ ಉರಿಯಿತು. ಒಬ್ಬ ಬಡ ವಿದ್ಯಾರ್ಥಿಗೆ ಕೊಟ್ಟ ವೇತನವು ಒಂದು ಊರಾಗಿ ಹಿಂದಿರುಗಿತು.

ಹೀಗಿರಲು ನಮ್ಮ ಸಲಹೆ ಇಷ್ಟು. ಎರಡು ಊರುಗಳ ಮಹಾಜನರು ಕೂಡಿ, ಸ್ಥಳೀಯ ಪದವಿ ವಿದ್ಯಾರ್ಥಿಗಳಿಗಾಗಿ ಒಂದು ವಿದ್ಯಾನಿಧಿಯನ್ನು ಸ್ಥಾಪಿಸತಕ್ಕದ್ದು. ಜಾತಿ, ಮತ, ಅಂಕ ಯಾವುದನ್ನೂ ನೋಡದೆ ಅಗತ್ಯವೊಂದನ್ನೇ ನೋಡತಕ್ಕದ್ದು. ತರಗತಿಗೆ ತಪ್ಪದೆ ಬರುತ್ತಿರುವುದೇ ಸಾಕಾದ ಯೋಗ್ಯತೆ. ಅರ್ಜಿ ಒಂದು ಪುಟವನ್ನು ಮೀರಕೂಡದು. ಅಧ್ಯಾಪಕರೊಬ್ಬರು ಮನೆಯನ್ನು ಕಂಡು ಬರೆದ ನಾಲ್ಕು ಸಾಲುಗಳಿಗೆ ಕಚೇರಿಯ ಮುದ್ರೆಗಿಂತ ಹೆಚ್ಚು ಬೆಲೆಯಿರಲಿ. ಹಣವು ವರ್ಷದ ಆರಂಭದಲ್ಲಿ ಒಂದು ಕಂತು, ಪರೀಕ್ಷೆಗೆ ಮುನ್ನ ಒಂದು ಕಂತಾಗಿ ಕೈಸೇರಲಿ. ಮೂರು ವರ್ಷವೂ ನಿಲ್ಲದಿರಲಿ. ನೆರವು ಪಡೆದವರನ್ನು ವೇದಿಕೆಗೆ ಕರೆದು ಚಿತ್ರ ತೆಗೆಸುವ ಪದ್ಧತಿ ಎಂದಿಗೂ ಕೂಡದು. ಅದು ವಾರಾನ್ನದ ದೈನ್ಯವನ್ನು ಹೊಸ ಉಡುಪಿನಲ್ಲಿ ತಂದಂತೆ. ವಿದ್ಯಾರ್ಥಿಯ ಹೆಸರು ಗುಟ್ಟಾಗಿರಲಿ; ನಿಧಿಯ ಲೆಕ್ಕ ಮಾತ್ರ ಪ್ರತಿವರ್ಷ ಬಯಲಾಗಲಿ.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳುವುದು. ಒಂದು ಮನೆಯವರು ತಿಂಗಳಿಗೆ ೧೨೫ ರೂಪಾಯಿಗಳನ್ನು ತೆಗೆದಿಟ್ಟರೆ ವರ್ಷಕ್ಕೆ ೧,೫೦೦ ಆಯಿತು. ಅಂತಹ ಸಾವಿರ ಮನೆಗಳು ದೊರೆತರೆ ಹದಿನೈದು ಲಕ್ಷ. ವರ್ಷಕ್ಕೆ ೧೫,೦೦೦ದಂತೆ ನೂರು ವಿದ್ಯಾರ್ಥಿಗಳ ಓದು ನಿಂತಿತು. ವಕೀಲರು, ವೈದ್ಯರು, ಅಡಿಕೆಯ ವರ್ತಕರು, ಸಹಕಾರ ಸಂಘಗಳು, ಇದೇ ಕಾಲೇಜುಗಳಲ್ಲಿ ಓದಿ ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಸುಖವಾಗಿರುವ ಹಳೆಯ ವಿದ್ಯಾರ್ಥಿಗಳು, ಇವರಲ್ಲಿ ಸಾವಿರ ಮಂದಿ ಇಲ್ಲವೆಂದರೆ ನಂಬುವವರಾರು?

ಅನರ್ಹರೂ ಕೆಲವರು ಹಣ ಪಡೆದಾರೆಂದು ಶಂಕಿಸುವವರುಂಟು. ನೂರರಲ್ಲಿ ಇಬ್ಬರು ಮೋಸಮಾಡಬಹುದು. ಆ ಇಬ್ಬರ ಭಯದಿಂದ ತೊಂಬತ್ತೆಂಟು ಮಂದಿಯನ್ನು ಕೈಬಿಡುವುದು ಇಲಿಗಳಿಗೆ ಹೆದರಿ ಬಿತ್ತನೆಯನ್ನೇ ನಿಲ್ಲಿಸಿದಂತೆ. ಊರಿನ ನಿಧಿಯಿಂದ ಸರ್ಕಾರದ ಹೊಣೆ ತಪ್ಪುವುದೆಂದೂ ಯಾರೂ ತಿಳಿಯಬಾರದು. ಸರ್ಕಾರದ ಹಣವು ಹೊತ್ತಿಗೆ ಬರಬೇಕೆಂದು ಕೇಳುತ್ತಲೇ ಇರೋಣ. ಆದರೆ ಅದು ಬರುವ ತನಕ ನಮ್ಮ ಮಕ್ಕಳು ಕಾಯಲಾರರು. ಕನ್ನಡನಾಡು ೧೯೫೬ರಲ್ಲಿ ಒಂದಾಯಿತು. ಒಂದಾದ ನಾಡಿನಲ್ಲಿ ಬಡವನ ಮಗ ಪದವಿಯ ಮೆಟ್ಟಿಲಿನಿಂದ ಹಿಂದಿರುಗುವುದಾದರೆ ಆ ಐಕ್ಯವು ಭೂಪಟದ ಐಕ್ಯ ಮಾತ್ರ. ಮುಂದಿನ ಪರೀಕ್ಷಾ ಶುಲ್ಕದ ದಿನಕ್ಕೆ ಮೊದಲೇ ಎರಡು ಊರುಗಳ ಹಿರಿಯರು ಒಂದೆಡೆ ಸೇರಲೆಂದು ಪ್ರಾರ್ಥಿಸುತ್ತೇವೆ.