ಕಾರು-ಕಾಸು ಭಾಗ 4: ಕೋಡ್ ಅಂದ್ರೆ ದೂರು, ತೀರ್ಪಲ್ಲ

ಶಿವಮೊಗ್ಗದ ಮಾರ್ಚ್ ಬಿಸಿಲು. ಅರ್ಧ ಗಂಟೆ ಓಡಿದ ಇಂಜಿನ್. ಸ್ಕ್ಯಾನರ್‌ನಲ್ಲಿ ಆಯಿಲ್ ಟೆಂಪರೇಚರ್ ಮೈನಸ್ 40 ಡಿಗ್ರಿ! ಕಾರು ಸಿಯಾಚಿನ್‌ನಲ್ಲಿ ನಿಂತಿದ್ಯಾ ಅನ್ನಿಸ್ತು 😅

ನಗು ಆಮೇಲೆ ಬಂತು. ಮೊದಲು ಬಂದಿದ್ದು ಬಿಲ್.

ಅಪ್ಪನ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರಲ್ಲಿ ಚೆಕ್ ಇಂಜಿನ್ ಲೈಟ್ ಬಂದಿತ್ತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿದ್ರು, ಪಿ0198 ಅಂತ ಕೋಡ್ ಬಂತು. "ಆಯಿಲ್ ಟೆಂಪರೇಚರ್ ಸೆನ್ಸರ್ ಹೋಗಿದೆ" ಅಂತ ಬದಲಾಯಿಸಿ 3,400 ರೂಪಾಯಿ ತಗೊಂಡ್ರು. ಎರಡೇ ದಿನಕ್ಕೆ ಲೈಟ್ ವಾಪಸ್. "ಹಾಗಾದ್ರೆ ಇಸಿಯುನೇ ಹೋಗಿರ್ಬೇಕು" ಅಂದ್ರು. ಅದೇ ವಾರ ನನ್ನ ಎಕ್ಸಾಮ್ ಫೀಸ್ ಕಟ್ಟೋದಿತ್ತು. ಅಪ್ಪ ಏನೂ ಮಾತಾಡ್ಲಿಲ್ಲ.

ಬಿಕಾಂ ಫ್ರೆಂಡ್ಸ್, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂದ್ರೆ ಏನರ್ಥ? ಎಲ್ಲೋ ತಪ್ಪಿದೆ ಅಂತ. ಎಲ್ಲಿ ಅಂತ ಅದು ಹೇಳಲ್ಲ. ಅದಕ್ಕೆ ಯಾರಾದ್ರೂ ಹೊಸ ಲೆಡ್ಜರ್ ತರ್ತಾರಾ? ಕೋಡ್ ಕೂಡ ಅಷ್ಟೇ. ಪಿ0198 ಹೇಳೋದು "ಈ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಜಾಸ್ತಿ ಇದೆ" ಅಂತ ಮಾತ್ರ. ಸರ್ಕ್ಯೂಟ್ ಅಂದ್ರೆ ಸೆನ್ಸರ್ ಒಂದೇ ಅಲ್ಲ, ವೈರು ಮತ್ತು ಕನೆಕ್ಟರ್ ಕೂಡ.

ಕೆಲಸ ಮಾಡೋದು ಹೀಗೆ: ಬಿಸಿ ಏರಿದಷ್ಟೂ ಸೆನ್ಸರ್‌ನ ರೆಸಿಸ್ಟೆನ್ಸ್ ಇಳಿಯುತ್ತೆ. ಇಸಿಯು 5 ವೋಲ್ಟ್ ಕಳಿಸಿ, ಎಷ್ಟು ಇಳೀತು ಅಂತ ನೋಡಿ ಲೆಕ್ಕ ಹಾಕುತ್ತೆ. ವೈರ್ ತುಂಡಾದ್ರೆ ವೋಲ್ಟೇಜ್ ಇಳಿಯೋದೇ ಇಲ್ಲ. ಆಗ ಅದು "ಭಯಂಕರ ಚಳಿ" ಅಂದ್ಕೊಳ್ಳುತ್ತೆ. ಮೈನಸ್ 40 ಆಯಿಲ್‌ನ ಬಿಸಿ ಅಲ್ಲ, ತುಂಡಾದ ಸರ್ಕ್ಯೂಟ್‌ನ ಗುರುತು.

ದುಡ್ಡು ಕೊಡೋ ಮುಂಚೆ ಇಷ್ಟು ಕೇಳಿ:
1️⃣ ಡಿಪ್‌ಸ್ಟಿಕ್ ನೋಡಿದ್ರಾ? ಆಯಿಲ್ ಮಟ್ಟ ಸರಿ ಇದ್ಯಾ?
2️⃣ ರಾತ್ರಿಯಿಡೀ ನಿಂತ ಕಾರಲ್ಲಿ ಬೆಳಿಗ್ಗೆ ಆಯಿಲ್, ಕೂಲಂಟ್, ಒಳಬರೋ ಗಾಳಿ, ಮೂರರ ರೀಡಿಂಗೂ ಹತ್ತಿರ ಹತ್ತಿರ ಇರ್ಬೇಕು. ಒಂದೇ ದೂರ ಇದ್ರೆ ಅನುಮಾನ ಅದರ ಮೇಲೆ.
3️⃣ ಕನೆಕ್ಟರ್ ಬಿಚ್ಚಿ ನೋಡಿದ್ರಾ? ಒಳಗೆ ಆಯಿಲ್, ತುಕ್ಕು, ಬಾಗಿದ ಪಿನ್?
4️⃣ ಎರಡು ಪಿನ್ನಿನ ಸೆನ್ಸರ್ ಆದ್ರೆ, ಪ್ಲಗ್ ಬಿಚ್ಚಿ ವೈರ್ ಕಡೆಯ ಎರಡೂ ಪಿನ್ ಜೋಡಿಸಿದ್ರೆ ರೀಡಿಂಗ್ ಸಿಕ್ಕಾಪಟ್ಟೆ ಬಿಸಿ ಕಡೆ ಹಾರ್ಬೇಕು. ಹಾರಿದ್ರೆ ವೈರ್ ಸರಿ, ಸೆನ್ಸರ್ ಮೇಲೆ ಅನುಮಾನ. ಹಾರದಿದ್ರೆ ಸೆನ್ಸರ್ ಪಾಪ ನಿರಪರಾಧಿ. (ಇದನ್ನ ಗೊತ್ತಿರೋರ ಕೈಲೇ ಮಾಡ್ಸಿ.)

ನಮ್ಮದು ಹಾರಲಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಎಲೆಕ್ಟ್ರಿಷಿಯನ್ ಅಣ್ಣ ವೈರ್ ಹಿಡಿದು ಹುಡುಕ್ತಾ ಹೋದ್ರು. ಕ್ಲಾಂಪ್ ಹತ್ರ ಉಜ್ಜಿ ಉಜ್ಜಿ ಒಳಗೇ ತುಂಡಾಗಿತ್ತು. ಸೋಲ್ಡರ್ ಮಾಡಿ ಸ್ಲೀವ್ ಹಾಕಿದ್ರು. 150 ರೂಪಾಯಿ.

ತಪ್ಪು ಗ್ಯಾರೇಜಿನದು ಮಾತ್ರ ಅಂತ ನಾನು ಹೇಳಲ್ಲ. "ಬರೀ ಚೆಕ್ ಮಾಡಿದ್ದಕ್ಕೆ ದುಡ್ಡಾ?" ಅಂತ ಕೇಳೋರು ನಾವೇ ಅಲ್ವಾ? ಹುಡುಕೋ ಕೆಲಸಕ್ಕೆ ಕೂಲಿ ಕೊಡದಿದ್ರೆ ಅವರು ಪಾರ್ಟ್ ಮಾರೇ ಬದುಕ್ಬೇಕು. ಚೆಕಿಂಗ್ ಚಾರ್ಜ್ ಕೊಡಿ, ಹಳೇ ಪಾರ್ಟ್ ವಾಪಸ್ ಕೇಳಿ, ಬಿಲ್ ತಗೊಳ್ಳಿ.

ಒಂದು ಎಚ್ಚರಿಕೆ: ಕೆಂಪು ಆಯಿಲ್ ಕ್ಯಾನ್ ಲೈಟ್ ಬೇರೆ, ಅದು ಪ್ರೆಶರ್‌ದು. ಅದು ಬಂದ್ರೆ ತಕ್ಷಣ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ 🛑

ಅಣ್ಣ 150 ಕೇಳಿದ್ರೆ ಅಪ್ಪ 300 ಕೊಟ್ರು. ಯಾಕೆ ಅಂದಿದ್ದಕ್ಕೆ, "ಅರ್ಧ ರಿಪೇರಿಗೆ, ಅರ್ಧ ಹುಡುಕಿದ್ದಕ್ಕೆ" ಅಂದ್ರು.

ನಿಮ್ಮನೇಲೂ ಹಿಂಗೆ ಸುಮ್ನೆ ಬದಲಾದ ಪಾರ್ಟ್ ಇದ್ಯಾ? ಕಾಮೆಂಟಲ್ಲಿ ಹೇಳಿ 👇
#ಕಾರುಕಾಸು #ಬಿಕಾಂಹುಡುಗ