ಹಳೆಯ ಕಂಪ್ಯೂಟರ್‌ಗೆ ಹೊಸ ಜೀವ

ರಾಯಚೂರಿನಲ್ಲಿರಲಿ, ದೇವದುರ್ಗ, ಮಾನ್ವಿಯಲ್ಲಿರಲಿ, ಮಕ್ಕಳ ಓದಿಗೆಂದು ಕೊಂಡ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಸ್ವಲ್ಪ ಯೋಚಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ಚಿಪ್, ಹೊಸ ಪೀಳಿಗೆಯ ಪ್ರೊಸೆಸರ್ ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆ ತಪಾಸಣೆ ತಪ್ಪಿಸಿ ಹಾಕಿಸಿಕೊಂಡರೆ ಭದ್ರತಾ ಅಪ್‌ಡೇಟ್‌ಗಳ ಖಾತರಿ ಇಲ್ಲ. ಬ್ಯಾಂಕ್ ವ್ಯವಹಾರಕ್ಕೆ ಅದು ಅಪಾಯ.

ಉಚಿತವಾಗಿ ಸಿಗುವ ಲಿನಕ್ಸ್ ಮಿಂಟನ್ನು ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ; 4 ಜಿಬಿ ರ‍್ಯಾಮ್ ಇದ್ದರೆ ಸಾಕು. ಕನ್ನಡ, ಉರ್ದು ಎರಡನ್ನೂ ಟೈಪ್ ಮಾಡಬಹುದು. ಒಪ್ಪಿಗೆಯಾದರೆ, ಫೋಟೋ, ಅಂಕಪಟ್ಟಿ, ನಿಕಾಹ್ ದಾಖಲೆಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಂಡೇ ಸ್ಥಾಪಿಸಿ. ಡಿಸ್ಕ್ ಅಳಿಸಿದರೆ ಅವು ಮರಳಿ ಸಿಗುವುದು ಕಷ್ಟ.

ದುಡಿಯಬಲ್ಲ ಯಂತ್ರವನ್ನು ಎಸೆಯುವುದೂ ಕುರ್‌ಆನ್ ತಡೆದಿರುವ ದುಂದುಗಾರಿಕೆಯೇ ಅಲ್ಲವೇ?