ಎಕ್ಸೆಲ್‌ನಲ್ಲಿ ಬಿಟ್ಟುಹೋದ ಸಾಲು

ಮೂರು ವಾರದಿಂದ ನಮ್ಮನೇಲಿ ಒಂದೇ ಮಾತು: ಮೀಟಿಯರ್ರಾ, ಹೈನೆಸ್ಸಾ? ಆಫೀಸಲ್ಲಿ ಎರಡು ಡೇಟಾಬೇಸ್ ನಡುವೆ ಒಂದನ್ನ ಆರಿಸೋವಾಗಲೂ ನಾನು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಮತ್ತು ಹೋಂಡಾ ಹೈನೆಸ್ ಸಿಬಿ 350, ಎರಡೂ 2020ರಲ್ಲಿ ಬಂದವು. ಒಂದೇ ಸಿಲಿಂಡರ್, ಐದು ಗೇರ್, 15 ಲೀಟರ್ ಟ್ಯಾಂಕ್, ಟ್ಯೂಬ್‌ಲೆಸ್ ಟೈರ್. ಎರಡರಲ್ಲೂ ಇದೇ ಕಥೆ. ಎಂಜಿನಿಯರ್ ಬುದ್ಧಿ ಬಿಡುತ್ತಾ? ಎಕ್ಸೆಲ್ ತೆಗೆದು ಇಪ್ಪತ್ತು ಸಾಲು ತುಂಬಿಸಿದೆ. ಟಾರ್ಕ್ ಹೈನೆಸ್‌ಗೆ 30 ನ್ಯೂಟನ್ ಮೀಟರ್, ಮೀಟಿಯರ್‌ಗೆ 27. ತೂಕ 181 ಕೆಜಿ, 191 ಕೆಜಿ. ನನ್ನ ಮನಸ್ಸು ಆಗಲೇ ಹೈನೆಸ್ ಕಡೆ ವಾಲಿತ್ತು. ಶೀಟ್ ಮಾಡಿದ್ದೇ ಅದಕ್ಕೊಂದು ಸಾಕ್ಷಿ ಬೇಕು ಅಂತ ಇರಬೇಕು.

ಹೆಂಡತಿಗೆ ತೋರಿಸಿದೆ. ‘ಇದರಲ್ಲಿ ನಾನೆಲ್ಲಿದೀನಿ?’ ಅಂದ್ಲು. ‘ಹಿಂದಿನ ಸೀಟ್ ಕುಶನ್ ಅಂತ ಒಂದು ಸಾಲಿದೆಯಲ್ಲ’ ಅಂದೆ. ಅವತ್ತು ಮಾತು ಅಲ್ಲಿಗೇ ನಿಂತಿತು.

ಎರಡು ಮಳೆಗಾಲದ ಹಿಂದೆ ಮೂಡಿಗೆರೆ ಹತ್ರ ಗಾಡಿ ಜಾರಿ ನನ್ನ ಬಲಗೈ ಉಳುಕಿತ್ತು. ಗಾಡಿಗೆ ಏನೂ ಆಗಿರಲಿಲ್ಲ, ಸ್ಟಾರ್ಟ್ ಆಗ್ತಿತ್ತು. ಆದರೆ ಓಡಿಸೋರು ಯಾರು? ಅವಳಿಗೆ ಸ್ಕೂಟರ್ ಬಿಟ್ಟರೆ ಬೇರೇನೂ ಬರ್ತಿರಲಿಲ್ಲ. ಮಳೇಲಿ ಎರಡು ಗಂಟೆ ಕಾದು, ಗುರುತಿಲ್ಲದವರ ಮನೆ ಅಂಗಳದಲ್ಲಿ ಗಾಡಿ ಬಿಟ್ಟು ಬಸ್ ಹತ್ತಿದ್ವಿ. ಊರಿಗೆ ಬಂದ ಮೇಲೆ ಅವಳು ಏನೂ ಹೇಳದೆ ಗೇರ್ ಗಾಡಿ ಕಲಿತು ಲೈಸೆನ್ಸ್ ತಗೊಂಡ್ಲು. ಅಂದರೆ ಈ ಗಾಡಿಗೆ ಇಬ್ಬರು ರೈಡರ್‌ಗಳು, ನನ್ನ ಶೀಟಿನಲ್ಲಿ ಒಬ್ಬನೇ.

ಅವಳ ಎತ್ತರ ಐದಡಿ ಎರಡಿಂಚು. ಮೀಟಿಯರ್ ಸೀಟು ನೆಲದಿಂದ 765 ಮಿ.ಮೀ, ಹೈನೆಸ್‌ನದು 800. ಮೂರೂವರೆ ಸೆಂಟಿಮೀಟರ್, ಅದೇನು ಮಹಾ ಅಂದುಕೊಂಡಿದ್ದೆ. ಶೋರೂಮಿನ ನುಣುಪು ನೆಲದ ಮೇಲೆ ಎರಡರಲ್ಲೂ ಅವಳು ಆರಾಮಾಗೇ ಕೂತ್ಲು. ರಸ್ತೆಗೆ ಬಂದಾಗ ಗೊತ್ತಾಯ್ತು. ಇಳಿಜಾರಲ್ಲಿ ಯು-ಟರ್ನ್ ಹೊಡೆದು ನಿಲ್ಲಿಸಿದಾಗ ಹೈನೆಸ್ ಮೇಲೆ ತುದಿಗಾಲು ಮಾತ್ರ ತಾಗ್ತಿತ್ತು, ಗಾಡಿ ಒಂದು ಕಡೆ ವಾಲಿತು. ನಾನು ಓಡಿ ಹಿಡಕೊಂಡೆ. ಮೀಟಿಯರ್ ಮೇಲೆ ಎರಡೂ ಪಾದ ಊರಿ ನಿಂತ್ಲು. ತೂಕ ಹತ್ತು ಕೆಜಿ ಜಾಸ್ತಿ ನಿಜ, ಪಾರ್ಕಿಂಗಿನಿಂದ ಹಿಂದಕ್ಕೆ ತಳ್ಳೋವಾಗ ಅದು ತಿಳಿಯುತ್ತೆ. ಆದರೆ ಕಾಲು ಊರಿದವರಿಗೆ ತೂಕ ಅಷ್ಟು ಹೆದರಿಸಲ್ಲ. ಇನ್ನೊಂದು ವಿಷಯ: ಸೀಟಿನ ಎತ್ತರ ಒಂದನ್ನೇ ನೋಡಬೇಡಿ, ಅಗಲಾನೂ ನೋಡಿ. ಸೀಟು ಅಗಲ ಇದ್ದಷ್ಟೂ ಕಾಲು ಹೊರಕ್ಕೆ ಹೋಗಿ ನೆಲ ದೂರ ಆಗುತ್ತೆ. ಯಾವ ಬ್ರೋಶರ್‌ನಲ್ಲೂ ನನಗೆ ಆ ಅಂಕಿ ಸಿಕ್ಕಿಲ್ಲ.

ನನಗೇನೂ ನಷ್ಟ ಇಲ್ಲ ಅಂತಲ್ಲ. ಮೀಟಿಯರ್‌ನಲ್ಲಿ ಕಾಲಿಡೋ ಪೆಗ್ ಮುಂದಕ್ಕಿದೆ. ಗುಂಡಿ ಬಂದಾಗ ಎದ್ದು ನಿಲ್ಲೋಕಾಗಲ್ಲ, ಏಟು ನೇರ ಬೆನ್ನಿನ ಬುಡಕ್ಕೆ. ನಮ್ಮ ಮಲೆನಾಡಿನ ರಸ್ತೆಗಳ ಬಗ್ಗೆ ನಿಮಗೆ ಬೇರೆ ಹೇಳಬೇಕಾ? ಹೈನೆಸ್‌ನಲ್ಲಿ ನೆಟ್ಟಗೆ ಕೂರಬಹುದು, ಕ್ಲಚ್ ಬೆಣ್ಣೆ ಥರ. ಈಗಲೂ ಸಿಗ್ನಲ್‌ನಲ್ಲಿ ಒಂದು ಪಕ್ಕ ಬಂದು ನಿಂತರೆ ಕಣ್ಣು ಅತ್ತ ಹೋಗುತ್ತೆ.

ಹೋದ ಶನಿವಾರ ಮೀಟಿಯರ್ ಬುಕ್ ಮಾಡಿದ್ವಿ. ಮೊದಲ ಟ್ರಿಪ್ ಮೂಡಿಗೆರೆಗೇ, ಅಂಗಳದಲ್ಲಿ ಗಾಡಿ ಇಟ್ಟುಕೊಂಡವರಿಗೆ ಒಂದು ಕೆಜಿ ಮೈಸೂರು ಪಾಕ್ ಕೊಡೋದಿದೆ. ಹಾಸನದವರೆಗೆ ನಾನು, ಅಲ್ಲಿಂದ ಮುಂದೆ ಅವಳು. ಬಣ್ಣದ ಜಗಳ ಮಾತ್ರ ಇನ್ನೂ ಮುಗಿದಿಲ್ಲ.